ಮೂರು ಸಾಲಿನ ಕಾರ್ಡು

ನಾನು ಚಿಕ್ಕವಳಿದ್ದಾಗ, ಅಂದರೆ ಒಂಬತ್ತು ವರ್ಷದವಳಿದ್ದಾಗ ನಡೆದದ್ದು ಇದು. ಅದಕ್ಕೀಗ ಅರವತ್ತಮೂರು ವರ್ಷ ಆಯಿತು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ನಿಮ್ಮ ಅಜ್ಜನಿಗೂ ಹೇಳಲಿಲ್ಲ. ನನ್ನ ಅಕ್ಷರ ದೊಡ್ಡದು, ಸೊಟ್ಟ. ಒಂದು ಪುಟ ತುಂಬಲು ಒಂದು ಬೆಳಗ್ಗೆ ಬೇಕು. ತಪ್ಪಿದ್ದರೆ ನಿಮ್ಮ ಅಮ್ಮ ತಿದ್ದಲಿ. ಮಾತು ಮಾತ್ರ ತಿದ್ದುವುದು ಬೇಡ.

ಸಿದ್ಧಕಟ್ಟೆಯ ಹತ್ತಿರ ನಮ್ಮ ಮನೆ ಇತ್ತು. ಅಪ್ಪ ಬೇರೆಯವರ ಗದ್ದೆಗೆ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಮನೆಯೊಳಗೆ ಯಾವಾಗಲೂ ಹೊಗೆಸೊಪ್ಪಿನ ಘಾಟು. ಹೊಸಬರು ಬಂದರೆ ಸೀನುತ್ತಿದ್ದರು, ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳು ಅಮ್ಮನ ಪಕ್ಕ ಕುಳಿತು ಬೀಡಿ ಕಟ್ಟಿದ್ದರಿಂದ ನಾನು ಶಾಲೆಗೆ ಹೋದೆ. ಹಿಂದಿನ ವರ್ಷ ಅವಳನ್ನು ನಾರಾವಿಗೆ ಮದುವೆ ಮಾಡಿ ಕೊಟ್ಟಿದ್ದರು. ಆಗ ಅವಳು ಐದು ತಿಂಗಳ ಬಸುರಿ.

ನಮ್ಮ ಶಾಲೆಯಲ್ಲಿ ಒಂದೇ ಕೋಣೆ, ನಾಲ್ಕು ಕ್ಲಾಸು, ಒಬ್ಬರೇ ಮಾಷ್ಟ್ರು. ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ. ಒಬ್ಬೊಬ್ಬರಾಗಿ ಎದ್ದು ನಿಂತು ಪಾಠ ಓದಬೇಕು. ಹತ್ತು ಮಂದಿ ಓದಿದ ಮೇಲೆ ನನ್ನ ಸರದಿ. ಹತ್ತು ಸಲ ಕೇಳಿಯೂ ಬಾಯಿಗೆ ಬರದಿದ್ದರೆ ಅದು ತಲೆಯಲ್ಲ, ತೆಂಗಿನ ಗೆರಟೆ. ನಾನು ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತಾ ಗಟ್ಟಿಯಾಗಿ ಹೇಳುತ್ತಿದ್ದೆ. ಎತ್ತಿನ ಚಿತ್ರ ಬಂದಾಗ ಪುಟ ಮಗುಚುತ್ತಿದ್ದೆ. ಮಾಷ್ಟ್ರು ಶಾಬಾಸ್ ಅನ್ನುತ್ತಿದ್ದರು. ನಾನು ಮೋಸ ಮಾಡುತ್ತಿದ್ದೆ ಎಂದು ತಿಳಿಯಬೇಡಿ. ಓದುವುದು ಎಂದರೆ ಇದೇ, ಎಲ್ಲರೂ ಹೀಗೆಯೇ ಓದುವುದು ಎಂದು ನಾನು ನಂಬಿದ್ದೆ. ಒಂದೊಂದು ಅಕ್ಷರ ಗುರುತು ಸಿಗುತ್ತಿತ್ತು. ಕೂಡಿಸಲು ಬರುತ್ತಿರಲಿಲ್ಲ.

ಒಂದು ಸೋಮವಾರ, ನಾನು ಶಾಲೆಯಿಂದ ಬಂದ ಹೊತ್ತಿಗೆ ಪೋಸ್ಟಿನವನು ಅಂಗಳಕ್ಕೆ ಬಂದ. ನಮ್ಮ ಕಡೆಯ ಮನೆಗಳಿಗೆಲ್ಲ ಕಾಗದ ಓದಿ ಹೇಳುವವನೂ ಅವನೇ. ಓದಿದ್ದಕ್ಕೆ ಅವನಿಗೆ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಅವತ್ತು ನಾರಾವಿಯಿಂದ ಒಂದು ಕಾರ್ಡು ಇತ್ತು. ಅವನು ಕಣ್ಣಿನ ಹತ್ತಿರ ಹಿಡಿದ ಕೂಡಲೇ ಅಪ್ಪ ಕೈ ಚಾಚಿದರು.

"ಕೊಡು ಮಾರಾಯ. ನಮ್ಮಲ್ಲೇ ಈಗ ಓದುವವಳು ಇದ್ದಾಳೆ."

"ಓಹೋ! ಹಾಗಾದರೆ ಇನ್ನು ನನ್ನ ಬೆಲ್ಲಕ್ಕೆ ಕಲ್ಲು ಬಿತ್ತು" ಎಂದು ನಗುತ್ತಾ ಅವನು ಹೋದ.

ಅಪ್ಪ ಕಾರ್ಡನ್ನು ನನ್ನ ಕೈಗೆ ಕೊಟ್ಟು, ಮೈ ತೊಳೆದು ಬಂದು, ಎದುರಿಗೆ ಕುಳಿತರು. ಅಮ್ಮ ಬೀಡಿಯ ತಡ್ಪೆಯನ್ನು, ಎಲೆ ಹೊಗೆಸೊಪ್ಪು ಇಟ್ಟುಕೊಳ್ಳುವ ಮೊರವನ್ನು, ಮಡಿಲಿನಿಂದ ಕೆಳಗಿಟ್ಟಳು. ಅವಳು ಅದನ್ನು ಹಾಗೆ ಕೆಳಗಿಡುವುದು ಅಪರೂಪ. ನಾನು ಕಾರ್ಡು ನೋಡಿದೆ. ಮೂರು ಸಾಲು, ನೀಲಿ ಶಾಯಿ. ಒದ್ದೆ ನೆಲದಲ್ಲಿ ಕೋಳಿ ನಡೆದ ಹಾಗೆ ಕಂಡಿತು. ಅದನ್ನು ನನಗಿಂತ ಮೊದಲು ಯಾರೂ ನನ್ನ ಕಿವಿಗೆ ಬೀಳುವಂತೆ ಓದಿರಲಿಲ್ಲ. ನನಗೆ ಓದಲು ಬರುವುದಿಲ್ಲ ಎಂದು ಗೊತ್ತಾದದ್ದು ಆಗ.

ಬರುವುದಿಲ್ಲ ಎಂದು ಹೇಳಬಹುದಿತ್ತು. ಅಪ್ಪನ ಮುಖ ನೋಡಿ ಹೇಳಲಿಲ್ಲ. ಹಿಂದಿನ ಕಾಗದಗಳೆಲ್ಲ ಸುರುವಾಗುತ್ತಿದ್ದ ರೀತಿ ನನಗೆ ಬಾಯಿಪಾಠ ಇತ್ತು. ಬೆರಳು ಇಟ್ಟು ಹೇಳಿದೆ, "ನಾವೆಲ್ಲರೂ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ."

"ಇಷ್ಟೇಯಾ?" ಎಂದಳು ಅಮ್ಮ.

"ಹಸು ಕರು ಹಾಕಿದೆ ಅಂತೆ."

"ಗಿಣ್ಣ ತಿಂದಳಾ? ಅದು ಬರೆಸಿದ್ದಾಳಾ?"

"ಬರೆಸಿದ್ದಾಳೆ" ಎಂದೆ. ಅಮ್ಮ ನಕ್ಕಳು. ಮೂರು ಸಾಲಿನ ಕಾರ್ಡನ್ನು ನಾನು ಹತ್ತು ಸಾಲು ಓದಿದೆ. ಎಣಿಸಲು ಅಪ್ಪನಿಗೆ ಬರುತ್ತಿತ್ತು. ಎಣಿಸಲಿಲ್ಲ. "ಚಂದ ಓದ್ತಾಳೆ. ಹಾಗಾದರೆ ಅವಸರ ಇಲ್ಲ, ಹಬ್ಬಕ್ಕೇ ಹೋಗಿ ದೊಡ್ಡವಳನ್ನು ಕರೆದುಕೊಂಡು ಬರುವ" ಎಂದರು. ಅಮ್ಮ ಮಾಡಿನ ಮರಕ್ಕೆ ಕಟ್ಟಿ ತೂಗುಹಾಕಿದ್ದ ಸೌತೆಕಾಯಿಗಳಲ್ಲಿ ದೊಡ್ಡದೊಂದನ್ನು ಮುಟ್ಟಿ, "ಇದು ಅವಳಿಗೆ, ಯಾರೂ ಕೈ ಹಾಕಬೇಡಿ" ಎಂದಳು. ಕಾರ್ಡನ್ನು ಅಪ್ಪ ಗೋಡೆಯ ತಂತಿಗೆ ಸಿಕ್ಕಿಸಿದರು.

ಶುಕ್ರವಾರ ಬೆಳಗ್ಗಿನ ಬಸ್ಸಿಗೆ ಭಾವನ ತಮ್ಮ ಬಂದ. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತ. ಅಕ್ಕ ಅವತ್ತು ಬೆಳಗಿನ ಜಾವ ತೀರಿಹೋದಳು ಎಂದ.

"ಎಲ್ಲ ಕ್ಷೇಮ ಅಂತ ಇತ್ತಲ್ಲ" ಎಂದರು ಅಪ್ಪ. "ಹಸು ಕರು ಹಾಕಿದೆ ಅಂತ ಇತ್ತಲ್ಲ."

"ಯಾವ ಹಸು? ಅದನ್ನು ಮಳೆಗಾಲದಲ್ಲೇ ಕೊಟ್ಟಾಯಿತಲ್ಲ. ಜ್ವರ ಬಿಡುವುದಿಲ್ಲ, ಅಮ್ಮನನ್ನು ಕೂಡಲೇ ಕಳಿಸಿ ಅಂತ ನಾನೇ ಬರೆದು ಹಾಕಿದ್ದು. ಮೂರು ದಿನ ಅವಳು ಬೇರೆ ಏನೂ ಕೇಳಲಿಲ್ಲ. ಅಮ್ಮ ಬಂದಳಾ, ಅಮ್ಮ ಬಂದಳಾ, ಅಷ್ಟೇ. ಯಾರು ಓದಿದ್ದು ಆ ಕಾರ್ಡು?"

ಅಮ್ಮ ನನ್ನನ್ನು ನೋಡಿದಳು. ಅವಳ ಬೆರಳಿಗೆ ಬೀಡಿಯ ನೂಲು ಸುತ್ತಿಕೊಂಡೇ ಇತ್ತು. ಅಪ್ಪ ಎದ್ದು ಬಂದು ನನ್ನ ಮುಂದೆ ನಿಂತರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

"ಹುಡುಗಿ ಸರಿಯಾಗಿಯೇ ಓದಿದ್ದಾಳೆ. ನನಗೇ ಸರಿ ಕೇಳಲಿಲ್ಲ" ಎಂದರು.

ಅಪ್ಪನ ಕಿವಿಗೆ ಏನೂ ಆಗಿರಲಿಲ್ಲ. ಆಮೇಲೆ ಸಾಯುವವರೆಗೂ ಅವರು ಆ ವಿಷಯ ಎತ್ತಲಿಲ್ಲ. ಅಮ್ಮನೂ ಎತ್ತಲಿಲ್ಲ. ಮುಂದಿನ ಕಾರ್ಡು ಬಂದಾಗ ಅಪ್ಪ ಅದನ್ನು ಪೋಸ್ಟಿನವನ ಕೈಗೇ ಕೊಟ್ಟು, ಬೆಲ್ಲ ತರಲು ನನ್ನನ್ನು ಒಳಗೆ ಕಳಿಸಿದರು. ಆ ಸೌತೆಕಾಯಿಯನ್ನು ಯಾರೂ ಬಿಚ್ಚಲಿಲ್ಲ. ಅದು ಅಲ್ಲಿಯೇ ಕೊಳೆತು ಒಂದು ದಿನ ತಾನಾಗಿ ಬಿತ್ತು. ನಲವತ್ತು ದಾಟಿದ ಮೇಲೆ ನಾನು ಅಕ್ಷರ ಕೂಡಿಸಲು ಕಲಿತೆ. ಕಲಿತವಳು ಮೊದಲು ಹುಡುಕಿದ್ದು ಆ ಕಾರ್ಡನ್ನು. ಗೆದ್ದಲು ತಿಂದಾಗಿತ್ತು.

ಅಮ್ಮ ಹೋಗಿದ್ದರೆ ಅಕ್ಕ ಬದುಕುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಅಮ್ಮನ ಮುಖವನ್ನಾದರೂ ನೋಡುತ್ತಿದ್ದಳು. ಅಷ್ಟು ಗೊತ್ತು.

ಈಗ ಯಾಕೆ ಬರೆದೆ ಎಂದರೆ, ನಿಮ್ಮಲ್ಲಿ ಸಣ್ಣವಳು ಮೊನ್ನೆ ಚೀಲ ಬಿಸಾಡಿ ಅತ್ತಳು. "ನಾನು ದಡ್ಡಿ ಅಂತ ಟೀಚರ್ ನನ್ನನ್ನು ಬೇರೆಯೇ ಕೂರಿಸ್ತಾರೆ ಅಜ್ಜಿ. ನಾನು ಇನ್ನು ಹೋಗುವುದಿಲ್ಲ" ಎಂದಳು. ಕೊಡೆ ಕೊಡುವ ನೆವದಲ್ಲಿ ನಾನು ಶಾಲೆಗೆ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಐದು ಮಕ್ಕಳು, ಒಂದು ಚಾಪೆ, ದಿನಕ್ಕೆ ಅರ್ಧ ಗಂಟೆ. ನಮ್ಮವಳು ಪಾಠವನ್ನು ಗಡಗಡ ಹೇಳಿದಳು. ಬಾಯಿ ಮುಂದೆ, ಬೆರಳು ಹಿಂದೆ. ಟೀಚರ್ ಬೈಯಲಿಲ್ಲ. ಚಿತ್ರದ ಮೇಲೆ ಅಂಗೈ ಇಟ್ಟು ಮುಚ್ಚಿ, "ಈಗ ಕೆಳಗಿನ ಸಾಲಿನಿಂದ ಓದುವ" ಎಂದರು. ನಮ್ಮವಳ ಬಾಯಿ ನಿಂತಿತು. ಟೀಚರ್ ಒಂದು ಅಕ್ಷರ ತೋರಿಸಿದರು, ಅದರ ಪಕ್ಕದ್ದನ್ನು ತೋರಿಸಿದರು, ಎರಡನ್ನೂ ಕೂಡಿಸುವವರೆಗೆ ಕಾದರು. ನನ್ನನ್ನು ಯಾರೂ ಕೆಳಗಿನ ಸಾಲಿನಿಂದ ಓದಿಸಲಿಲ್ಲ. ನಿನ್ನದು ಎರಡನೇ ಕ್ಲಾಸಿನಲ್ಲೇ ಸಿಕ್ಕಿಬಿತ್ತು ಮಗಾ. ನಾಚಿಕೆ ಬೇಡ, ಹೋಗಿ ಆ ಚಾಪೆಯಲ್ಲಿ ಕೂರು.

ನನ್ನದು ಹೀಗಾಯಿತು. ಅಪ್ಪ ಅಮ್ಮ ಆ ಶುಕ್ರವಾರವೇ ನಾರಾವಿಗೆ ಹೋದರು. ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಮರುದಿನ ಶನಿವಾರ, ಬೆಳಗ್ಗಿನ ಶಾಲೆ. ಪಕ್ಕದ ಮನೆಯವಳು ತಲೆ ಬಾಚಿ ಕಳಿಸಿದಳು. ಹತ್ತು ಮಂದಿ ಓದಿದರು. ನನ್ನ ಸರದಿ ಬಂತು. ಎದ್ದು ನಿಂತೆ, ಬೆರಳು ಇಟ್ಟು ಗಟ್ಟಿಯಾಗಿ ಹೇಳಿದೆ. ಎತ್ತಿನ ಚಿತ್ರ ಬಂದಾಗ ಪುಟ ಮಗುಚಿದೆ. ಮಾಷ್ಟ್ರು ಶಾಬಾಸ್ ಅಂದರು. ಕುಳಿತೆ.