ಎಲ್ಲರ ಹಿಂದಿನ ಸೈಕಲ್

ಮಿಸ್ತ್ರಿ ತನ್ನ ಜಾಗ ಬಿಟ್ಟದ್ದರಿಂದಲೇ ಗುಡ್ಡದಲ್ಲಿ ಅನಾಹುತವಾಯಿತೆಂದು ನಮ್ಮ ಸೈಕಲ್ ಬಳಗದ ಪದಾಧಿಕಾರಿಗಳು ವರದಿ ಬರೆದು ಎಲ್ಲ ಸದಸ್ಯರ ಮೊಬೈಲಿಗೆ ಕಳಿಸಿದ್ದಾರೆ. ಇದು ಸುಳ್ಳು. ಉತ್ತರ ಕೊಡಬೇಕಾದ ಮನುಷ್ಯ ಇಳಕಲ್ಲಿನ ಕಬರಸ್ತಾನದಲ್ಲಿ ಮಲಗಿದ್ದಾರೆ. ಆ ದಿನ ಅವರ ಜೊತೆಗೆ ಉಳಿದವನು ನಾನೊಬ್ಬನೇ ಆದ್ದರಿಂದ ಉತ್ತರ ನನ್ನ ಪಾಲಿಗೆ ಬಂದಿದೆ.

ಮಿಸ್ತ್ರಿಯವರ ಕೆಳತುಟಿಯ ಮೇಲೊಂದು ಕಪ್ಪು ಗೆರೆಯಿತ್ತು. ಬೀಡಿ ಮುಟ್ಟಿದವರಲ್ಲ, ಅದು ನಲವತ್ತು ವರ್ಷಗಳ ರಬ್ಬರಿನ ಗುರುತು. ಸೈಕಲ್ ಟ್ಯೂಬಿಗೆ ಗಾಳಿ ತುಂಬಿ, ಕಣ್ಣು ಮುಚ್ಚಿ, ಅದನ್ನು ತುಟಿಗೆ ತಾಗುವಂತೆ ನಿಧಾನವಾಗಿ ಸರಿಸುತ್ತ ಹೋಗುವರು. ಸೂಜಿಮೊನೆಯಷ್ಟು ಗಾಳಿ ತಾಗಿದ ಕಡೆ ನಿಲ್ಲಿಸಿ, "ಇಲ್ಲೈತಿ ನೋಡ್ರಿ ಕಳ್ಳ" ಎನ್ನುವರು. ಅವರ ಸೈಕಲ್ ರಿಪೇರಿ ಅಂಗಡಿಯಲ್ಲಿ ನೀರಿನ ಬೋಗುಣಿಯೂ ಇತ್ತು. "ಅದು ಗಿರಾಕಿ ಸಮಾಧಾನಕ್ಕರಿ. ನೀರಾಗ ಅದ್ದಲಿಲ್ಲಂದ್ರ ಪಂಚರ್ ತಗದೇ ಇಲ್ಲ ಅಂತಾರ" ಎಂದು ನಗುತ್ತಿದ್ದರು.

ನಾನು ಹುನಗುಂದ, ಬಾದಾಮಿ ತಾಲ್ಲೂಕುಗಳ ಹೊಲಗಳನ್ನು ಮೂವತ್ತು ವರ್ಷ ಅಳೆದ ಸರ್ವೇಯರ್. ನಿವೃತ್ತಿಯ ಮರುವರ್ಷ ಹೆಂಡತಿ ತೀರಿಕೊಂಡ ಮೇಲೆ ಮನೆಯಿಂದ ಹೊರಬರುವುದನ್ನೇ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಮಿಸ್ತ್ರಿ ಬಂದವರು, ಹಿತ್ತಲಲ್ಲಿ ತುಕ್ಕು ಹಿಡಿದಿದ್ದ ನನ್ನ ಸೈಕಲ್ಲನ್ನು ಕೇಳದೆ ಹೊತ್ತುಕೊಂಡು ಹೋದರು. ಮೂರನೆಯ ದಿನ ಹೊಳೆಯುತ್ತಿದ್ದ ಸೈಕಲ್ ತಂದು ನಿಲ್ಲಿಸಿ ಹೇಳಿದರು: "ಸಾಹೇಬ್ರ, ಇದರ ತುಕ್ಕ ನಾ ತಿಕ್ಕೇನಿ. ನಿಮ್ದು ನೀವ ತಿಕ್ಕೋಬೇಕ್ರಿ." ಅಂದಿನಿಂದ ನಾನು ಮತ್ತೆ ಬೆಳಗಿನ ಗಾಳಿ ಕಂಡೆ. ಅವರ ಒತ್ತಾಯಕ್ಕೇ ಬಳಗ ಸೇರಿದೆ.

ಬಳಗದಲ್ಲಿ ಅವರಿಗೆ ಸಿಕ್ಕ ಮರ್ಯಾದೆಯನ್ನು ನಾನು ಮರೆತಿಲ್ಲ. ಇಳಕಲ್ಲಿನಿಂದ ಹುನಗುಂದ, ಗುಳೇದಗುಡ್ಡದ ಮೇಲೆ ಹಾದು ಬಾದಾಮಿ ಬಳಿಯ ಚೊಳಚಗುಡ್ಡದವರೆಗೆ ಸವಾರಿ ಹೋಗುವುದೆಂದು ಸಭೆ ಕೂಡಿದಾಗ ಕುರ್ಚಿಗಳು ಇಪ್ಪತ್ತಿದ್ದವು. ಇಪ್ಪತ್ತೊಂದನೆಯವರಾದ ಮಿಸ್ತ್ರಿ ಬಾಗಿಲಿಗೆ ಒರಗಿ ನಿಂತರು. ಯುಗಾದಿಯ ನಂತರ ಗುಡ್ಡದ ಬಿಸಿಲು ಕೆಟ್ಟದ್ದು, ಶಿವರಾತ್ರಿಯೊಳಗೆ ಮುಗಿಸೋಣ ಎಂದರು; ಯಾರೂ ಕಿವಿಗೊಡದೆ ಯುಗಾದಿ ಕಳೆದ ಮೇಲಿನ ದಿನವನ್ನೇ ಗೊತ್ತುಮಾಡಿದರು. ಅವರ ಒಂದು ಮಾತನ್ನು ಮಾತ್ರ ಒಪ್ಪಿಕೊಂಡರು: "ಎಲ್ಲಾರ ಹಿಂದ ಬರಾಂವ ಹ್ಯಾಂಡಲಿಗೆ ಕೆಂಪು ಬಟ್ಟಿ ಕಟ್ಟಿರಬೇಕ್ರಿ. ಆ ಬಟ್ಟಿ ಬಂದು ಮುಟ್ಟೂತನಕಾ ನೀರಿನ ಗಾಡಿ ಜಾಗಾ ಬಿಡಬಾರದು." ಆ ಹಿಂದಿನ ಜಾಗವನ್ನು ಯಾರೂ ಬಯಸದ ಕಾರಣ ಅದೂ ಅವರಿಗೇ ಬಂತು.

ಹೊರಡುವ ಮುಂಜಾನೆ ಎಲ್ಲರೂ ಸಾಲಾಗಿ ನಿಂತಾಗ ಬಳಗದ ಅಧ್ಯಕ್ಷರು, "ಏ ಮಿಸ್ತ್ರಿ, ಒಂದ್ ಫೋಟೋ ತಗಿಯಪಾ" ಎಂದು ಮೊಬೈಲ್ ಚಾಚಿದರು. "ಛಲೋ ಆತ್ರಿ. ನನ್ನ ಮಾರಿ ಬಂದ್ರ ನಿಮ್ಮ ಫೋನ್ ಒಡದೀತು" ಎಂದು ಇವರು ನಕ್ಕು ತೆಗೆದುಕೊಟ್ಟರು. ವರದಿಯ ಜೊತೆಗಿರುವುದು ಅದೇ ಫೋಟೋ, ಅದರಲ್ಲಿ ಅವರಿಲ್ಲ.

ಎಲ್ಲರಿಗಿಂತ ನಿಧಾನ ನಾನು. ಆದ್ದರಿಂದ ಅವರು ನನ್ನ ಹಿಂದೆ. ಅಮೀನಗಡ ದಾಟುವ ಹೊತ್ತಿಗೇ ಉಳಿದವರು ಕಣ್ಣಿಗೆ ಕಾಣದಂತಾದರು. ನಾನು ತಿರುಗಿ ನೋಡಿದಾಗಲೆಲ್ಲ, "ನೀವು ನಡೀರಿ, ನಾ ಅದೀನಿ ಹಿಂದ" ಎನ್ನುತ್ತಿದ್ದರು. ಗುಳೇದಗುಡ್ಡದಾಚೆ ಡಾಂಬರು ಮುಗಿದು ಕೆಂಪು ಬಂಡೆಗಳ ನಡುವಿನ ಬಂಡಿದಾರಿ ಶುರುವಾಯಿತು. ಏರಿನಲ್ಲಿ ಇಳಿದು ನೂಕಬೇಕು, ಇಳಿಜಾರಿನಲ್ಲಿ ಹಾಸುಗಲ್ಲಿಗೆ ಹೆದರಿ ಮತ್ತೆ ಇಳಿಯಬೇಕು. ಕಲ್ಲು ಕಾದು ಚಪ್ಪಲಿಯೊಳಗೆ ಅಂಗಾಲು ಸುಡುತ್ತಿತ್ತು. ಆ ಕಣಿವೆಯಲ್ಲಿ ಮೊಬೈಲು ಕೆಲಸ ಮಾಡುವುದಿಲ್ಲ.

ಹೊತ್ತು ಬರೆದಿಟ್ಟುಕೊಳ್ಳುವುದು ನನ್ನ ವೃತ್ತಿಯ ಚಟ. ಹತ್ತೂ ಐವತ್ತಕ್ಕೆ ಒಂದು ತಿರುವಿನಲ್ಲಿ ನಮ್ಮ ಬಳಗದ ಬ್ಯಾಂಕ್ ಅಧಿಕಾರಿ ಬಿದ್ದಿದ್ದ. ಮೊಣಕಾಲು ಸೀಳಿ ರಕ್ತ ಪಾದದವರೆಗೆ ಇಳಿದಿತ್ತು. ಮಿಸ್ತ್ರಿ ತಮ್ಮ ಹ್ಯಾಂಡಲಿನ ಕೆಂಪು ಬಟ್ಟೆ ಬಿಚ್ಚತೊಡಗಿದರು.

"ಅದು ಬ್ಯಾಡ್ರಿ, ಅದು ಗುರುತು" ಎಂದೆ.

"ರಕ್ತ ಹರೀಲಿಕತ್ತೈತ್ರಿ ಸಾಹೇಬ್ರ. ನಿಮ್ಮ ಟವೆಲ್ ಬೆವರೀಲೆ ತೊಯ್ದೈತಿ, ನನ್ನ ಅಂಗಿ ತುಂಬ ಗ್ರೀಸು. ಒಣಾ ಬಟ್ಟಿ ಇದೊಂದ." ಬಿಗಿಯಾಗಿ ಕಟ್ಟಿ ಆತನಿಗೆ ಹೇಳಿದರು: "ಗಾಡಿಗೆ ಹೋದ ಕೂಡ್ಲೆ ಹೇಳ್ರಿ, ಇಬ್ಬರು ಹಿಂದ ಅದಾರ ಅಂತ."

"ಹೂಂ, ಹೂಂ" ಎಂದು ಆತ ಸೈಕಲ್ ಹತ್ತಿ ಹೋದ. "ಮರತನಂದ್ರ?" ಎಂದು ಕೇಳಿದೆ. "ಅಂವಗ ಬಾಯಿ ಐತಲ್ರಿ, ಹೇಳ್ತಾನ" ಎಂದರು ಮಿಸ್ತ್ರಿ.

ಮೂರು ದಾರಿ ಕೂಡುವಲ್ಲಿ ನೀರು, ಊಟ ಹೊತ್ತ ಗಾಡಿ ನಿಲ್ಲಬೇಕಿತ್ತು. ನಾವು ಅಲ್ಲಿಗೆ ಮುಟ್ಟಿದಾಗ ಒಂದು ಗಂಟೆ ಹತ್ತು ನಿಮಿಷ. ಕಾಗದದ ತಟ್ಟೆಗಳಿದ್ದವು, ರೊಟ್ಟಿಯ ಚೂರುಗಳಿದ್ದವು, ಟೈರಿನ ಗುರುತಿತ್ತು. ಗಾಡಿ ಇರಲಿಲ್ಲ. ಭಾರ ಕಡಿಮೆಯಾಗಲೆಂದು ಉಳಿದ ನೀರನ್ನು ನೆಲಕ್ಕೆ ಚೆಲ್ಲಿದ್ದರು; ಮಣ್ಣು ಇನ್ನೂ ಒದ್ದೆಯಾಗಿತ್ತು. ಮಿಸ್ತ್ರಿ ಮೊಣಕಾಲೂರಿ ಎರಡೂ ಅಂಗೈಗಳನ್ನು ಆ ಮಣ್ಣಿಗೆ ಒತ್ತಿ ಹಿಡಿದು, ಎದ್ದು ಬಂದು ನನ್ನ ಹಣೆಯ ಮೇಲಿಟ್ಟರು.

ಹಿಂದಕ್ಕೆ ಹೋದರೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ. ಮುಂದೆ ನಡೆದೆವು. ಸ್ವಲ್ಪದರಲ್ಲೇ ನನ್ನ ಮುಂದಿನ ಚಕ್ರಕ್ಕೆ ಜಾಲಿಮುಳ್ಳು ಚುಚ್ಚಿತು. ಅವರು ಟ್ಯೂಬು ಹೊರತೆಗೆದು, ಗಾಳಿ ತುಂಬಿ, ಕಣ್ಣು ಮುಚ್ಚಿ ತುಟಿಗೆ ಹಿಡಿದರು. ಒಂದು ಸುತ್ತು, ಎರಡು ಸುತ್ತು, ಮೂರು. ತುಟಿ ಒಣಗಿ ಬಿರಿದು ರಕ್ತ ಹೆಪ್ಪುಗಟ್ಟಿತ್ತು. "ಎಲ್ಲೈತಿ ತಿಳೀವಲ್ತರಿ" ಎಂದರು. ಅವರು ಹಾಗೆಂದದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ಬಾಟಲಿಯಲ್ಲಿ ಎರಡು ಗುಟುಕು ನೀರಿತ್ತು. ಟ್ಯೂಬಿನ ಮೇಲೆ ಸುರಿಯಿರಿ, ಇಲ್ಲವೇ ನೀವಾದರೂ ಕುಡಿಯಿರಿ ಎಂದೆ. "ಹುಚ್ಚರಾಗಬ್ಯಾಡ್ರಿ. ನಿಮಗ ಬೀಪಿ ಐತಿ. ಕುಡೀರಿ" ಎಂದು ಗದರಿದರು. ನಾನು ಕುಡಿದೆ. ಎರಡೂ ಗುಟುಕನ್ನು ನಾನೇ ಕುಡಿದೆ. ಇದನ್ನು ಬರೆಯದೆ ಬಿಟ್ಟರೆ ನನ್ನ ಬರಹಕ್ಕೂ ಅವರ ವರದಿಗೂ ವ್ಯತ್ಯಾಸ ಉಳಿಯುವುದಿಲ್ಲ.

ತಮ್ಮ ಸೈಕಲ್ ನನಗೆ ಕೊಟ್ಟು, ಗಾಳಿಯಿಲ್ಲದ ನನ್ನದನ್ನು ಅವರು ನೂಕಿದರು. ಬಿಟ್ಟುಬಿಡಿ ಎಂದರೆ ಕೇಳಲಿಲ್ಲ. ಎರಡೂವರೆಗೆ ನೋಡಿದೆ: ಅವರ ಮೈಮೇಲೆ ಬೆವರೇ ಇರಲಿಲ್ಲ. ಒಂದು ಬಂಡೆಯ ಬುಡದಲ್ಲಿ ಕುಳಿತುಬಿಟ್ಟರು. ಕೈ ಹಿಡಿದೆ, ಕೆಂಡ. ನನ್ನನ್ನೇ ನೋಡುತ್ತ, ಗುರುತಿಲ್ಲದ ಗಿರಾಕಿಯೊಡನೆ ಮಾತಾಡುವಂತೆ ಹೇಳಿದರು: "ಇಟ್ಟು ಹೋಗ್ರಿ. ಸಂಜಿಗೆ ಬರ್ರಿ, ರೆಡಿ ಇರತೈತಿ."

ನಾನು ಕೂಗಿದೆ. ನನ್ನ ಕೂಗೇ ಬಂಡೆಗಳಿಂದ ತಿರುಗಿ ಬಂತು. ಬಹಳ ಹೊತ್ತಿನ ಮೇಲೆ ಆಡು ಮೇಯಿಸುವ ಹೆಂಗಸೊಬ್ಬಳು ಮೇಲಿನಿಂದ ಇಳಿದು ಬಂದಳು. "ಈ ಬಿಸಲಾಗ ಸೈಕಲ್ ಹೊಡ್ಯಾಕ ಏನ್ ಬ್ಯಾನಿ ಬಂದಿತ್ತೋ ಯಪ್ಪಾ ನಿಮಗ?" ಎಂದು ಬಯ್ಯುತ್ತಲೇ ತನ್ನ ಕೊಡಪಾನದ ನೀರನ್ನೆಲ್ಲ ಅವರ ತಲೆಗೆ ಸುರಿದಳು. ಅವಳೇ ಓಡಿಹೋಗಿ ಕೆಳಗಿನ ಹೊಲದಿಂದ ಟ್ರ್ಯಾಕ್ಟರ್ ಕರೆತಂದಳು. ಮೊದಲು ಬಾದಾಮಿ, ಅಲ್ಲಿಂದ ಬಾಗಲಕೋಟೆಯ ದವಾಖಾನೆ. ವೈದ್ಯರು ಕೈಲಾದದ್ದೆಲ್ಲ ಮಾಡಿದರು. ಐದನೆಯ ದಿನ ಮಿಸ್ತ್ರಿ ತೀರಿಕೊಂಡರು. ಮೂರು ಹಿಡಿ ಮಣ್ಣು ನಾನೂ ಹಾಕಿ ಬಂದೆ.

ಆಮೇಲೆ ನಾನು ಒಬ್ಬೊಬ್ಬರ ಮನೆಗೂ ಹೋದೆ. ಬ್ಯಾಂಕ್ ಅಧಿಕಾರಿ, "ಕೇಳಿದ್ರ ಹೇಳ್ತಿದ್ದೆ ಸರ್, ಯಾರೂ ಕೇಳಲಿಲ್ಲ. ಕಾಲು ಭಾಳ ನೋಯ್ತಿತ್ತು" ಎಂದ. ಅಧ್ಯಕ್ಷರು, "ಕೆಂಪು ಬಟ್ಟಿ ಬಂತು, ಗಾಡಿ ಬಿಟ್ವಿ. ನಿಯಮ ಮಾಡಿದಾಂವ ತಾನ ಮುರದ್ರ ನಾವೇನ್ ಮಾಡೂಣ?" ಎಂದರು. ಬಟ್ಟೆ ಬಂದದ್ದು ಹ್ಯಾಂಡಲಿನ ಮೇಲಲ್ಲ, ಮೊಣಕಾಲಿನ ಮೇಲೆ ಎಂದೆ. ಚಹಾ ತಣ್ಣಗಾಗುತ್ತದೆ ಎಂದರು.

ಹೋದ ಮನೆಗಳಲ್ಲೆಲ್ಲ ಅಂದಿನ ಊಟದ ನೆನಪು ಚೆನ್ನಾಗಿತ್ತು: ರೊಟ್ಟಿ, ಝುಣಕ, ಗಟ್ಟಿ ಮೊಸರು, ಒಬ್ಬರಿಗೆ ಶೇಂಗಾಹಿಂಡಿ ಕೊಂಚ ಖಾರವೆನಿಸಿದ್ದೂ. ಎದುರಾದವರನ್ನು "ಊಟಾ ಆತೇನ್ರಿ" ಎಂದು ವಿಚಾರಿಸದೆ ಮುಂದೆ ಹೋಗದ ಸೀಮೆ ನಮ್ಮದು. ನಲವತ್ತು ನಿಮಿಷ, ಹತ್ತೊಂಬತ್ತು ಮಂದಿ ನೆರಳಿನಲ್ಲಿ ಕುಳಿತು ಉಂಡಿರಿ. ಮಿಸ್ತ್ರಿಯ ಊಟವಾಯಿತೇ ಎಂದು ನಿಮ್ಮಲ್ಲಿ ಯಾರು ಕೇಳಿದಿರಿ?