ಹುಲ್ಲಿಗೆ ಹೊಡೆದ ಎಣ್ಣಿ ಯಾವುದು?

ಬಸವಕಲ್ಯಾಣದ ರತ್ನಮಾಲಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಗಂಡ ತೀರಿಹೋದ ಮೇಲೆ ಮನೆಯಲ್ಲಿ ಅವಳು ಮತ್ತು ಮೋತಿ ಎಂಬ ಕಂದು ನಾಯಿ, ಇಬ್ಬರೇ. ಮಷಿನ್ ಸದ್ದಾದರೆ ಸಾಕು, ಮೋತಿ ಬಂದು ಅವಳ ಕಾಲ ಬಳಿ ಮಲಗುತ್ತದೆ.

ಮಳೆ ಬಿಟ್ಟ ಒಂದು ಮುಂಜಾನೆ ಪಕ್ಕದ ಮನೆಯ ದಿಗಂಬರ, ಎರಡು ಮನೆಗಳ ನಡುವಿನ ಸಂದಿಯಲ್ಲಿ ಬೆಳೆದ ಹುಲ್ಲಿಗೆ ಕಳೆನಾಶಕದ ಎಣ್ಣಿ ಹೊಡೆದ. ಅದಿನ್ನೂ ಹಸಿಯಿದ್ದಾಗಲೇ ಮೋತಿ ಅಲ್ಲಿ ಅಡ್ಡಾಡಿ, ಹುಲ್ಲು ಜಗಿದು, ಮನೆಗೆ ಬಂದು ಕಾಲು ನೆಕ್ಕಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಬಾಯಲ್ಲಿ ಜೊಲ್ಲು, ಮೇಲಿಂದ ಮೇಲೆ ವಾಂತಿ.

ರತ್ನಮಾಲಾ ಅದನ್ನು ಹಳೆ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ದನದ ದವಾಖಾನೆಗೆ ಒಯ್ದಳು. ಹುಲ್ಲಿನ ಸಂಗತಿ ಕೇಳಿ ಡಾಕ್ಟರ್ ಮಯೂರಿ ಅದರ ಕಾಲು, ಬಾಯಿ ತೊಳೆಸಿ ಸಲೈನ್ ಹಚ್ಚಿದರು.

“ಯಾವ ಎಣ್ಣಿ ಹೊಡದಾರ ಗೊತ್ತೇನ್ರಿ?”

“ಯಾವುದಾದ್ರೇನ್ರಿ? ವಿಷ ವಿಷಾನೇ ಅಲ್ಲಾ?”

“ಹಂಗಲ್ರಿ. ಗ್ಲೈಫೋಸೇಟ್ ಆದ್ರ ಹೊಟ್ಟಿ ಕೆಡ್ತದ, ಬಹಳ ಸಲ ಉಳೀತಾವ. ಪ್ಯಾರಾಕ್ವಾಟ್ ಆದ್ರ ಶ್ವಾಸಕೋಶಾನೇ ಹಾಳ ಮಾಡ್ತದ, ಅದಕ್ಕ ಮದ್ದಿಲ್ಲ. ಹೆಸರು ತಿಳದ್ರ ಮುಂದಿನ ದಾರಿ ಕಾಣ್ತದ.”

ಅವಳು ದಿಗಂಬರನಿಗೆ ಫೋನ್ ಮಾಡಿದಳು.

“ಹೆಸರ ನನಗೇನ ಗೊತ್ತು ವೈನಿ? ಹುಮನಾಬಾದಿನ ಗುರುಶಾಂತನ ಅಂಗಡ್ಯಾಗ ನೀರಿನ ಬಾಟ್ಲಿಗೆ ಬಿಡಿ ಹಾಕಿ ಕೊಟ್ಟಾನ. ಒಂದ ನಾಯಿ ಸಲುವಾಗಿ ಇಷ್ಟ್ಯಾಕ ಪರೇಶಾನ ಆಗಾಕತ್ತೀರಿ?”

ರತ್ನಮಾಲಾ ಫೋನ್ ಇಟ್ಟಳು. ಮೋತಿಯನ್ನು ಡಾಕ್ಟರ ಬಳಿ ಬಿಟ್ಟು ಹುಮನಾಬಾದಿನ ಬಸ್ ಹತ್ತಿದಳು.

ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ದಿಗಂಬರನಿಗೆ ಕೊಟ್ಟ ಎಣ್ಣಿ ಯಾವುದೆಂದು ಕೇಳಿದರೆ ಗುರುಶಾಂತ ತಲೆ ಎತ್ತಲಿಲ್ಲ. “ಯಾರಿಗಿ ಏನ ಕೊಟ್ಟೇನೋ ನೆನಪಿಲ್ರಿ ಅಕ್ಕಾ. ಆ ಕಡಿ ಸರೀರಿ.”

“ನೆನಪ ಮಾಡ್ಕೋರಿ. ಹೇಳೋತನಕ ನಾ ಇಲ್ಲಿಂದ ಏಳಂಗಿಲ್ಲ,” ಎಂದವಳೇ ಬಾಗಿಲಲ್ಲಿದ್ದ ಗೊಬ್ಬರದ ಚೀಲದ ಮೇಲೆ ಕೂತುಬಿಟ್ಟಳು. ಬಂದವರೆಲ್ಲ ಏನು, ಎತ್ತ ಎಂದು ಅವಳನ್ನು ಕೇಳತೊಡಗಿದರು. ಅವಳು ಎಲ್ಲರಿಗೂ ಹೇಳತೊಡಗಿದಳು. ಕೊನೆಗೆ ಗುರುಶಾಂತ ಒಳಗಿನಿಂದ ಅರ್ಧ ಖಾಲಿಯಾದ ದೊಡ್ಡ ಡಬ್ಬಿ ತಂದಿಟ್ಟ. ರತ್ನಮಾಲಾ ಡಾಕ್ಟರಿಗೆ ಫೋನ್ ಹಚ್ಚಿ ಅವನ ಕೈಗೇ ಕೊಟ್ಟಳು.

“ಗ್ಲೈಫೋಸೇಟ್ ಅದ್ರಿ ಮೇಡಂ,” ಎಂದ ಗುರುಶಾಂತ.

ಮೋತಿ ಉಳಿಯಬಹುದೆಂದು ರತ್ನಮಾಲಾಗೆ ಧೈರ್ಯ ಬಂತು. ಎದ್ದು ನಿಂತು ಹೇಳಿದಳು: “ನಾಳೆ ಯಾರದರ ಕೂಸು ನೀರಂತ ತಿಳದು ಕುಡದ್ರ ಏನ ಮಾಡ್ತೀರಿ? ಇನ್ನ ಹಿಂಗ ನೀರಿನ ಬಾಟ್ಲ್ಯಾಗ ಬಿಡಿ ಹಾಕಿ ಕೊಡಬ್ಯಾಡ್ರಿ.”

ಗುರುಶಾಂತ ಡಬ್ಬಿಯ ಮುಚ್ಚಳ ಬಿಗಿದ. ಖಾಲಿ ಬಾಟಲಿ ಹಿಡಿದು ನಿಂತಿದ್ದ ದುಬಲಗುಂಡಿಯ ರೈತನೊಬ್ಬ ಅದನ್ನು ಕೈಚೀಲಕ್ಕೆ ಹಾಕಿಕೊಂಡು, “ನನಗ ಸೀಲ್ ಇದ್ದ ಡಬ್ಬೀನೇ ಕೊಡ್ರಿ,” ಎಂದ.

ಮೋತಿ ಉಳಿಯಿತು. ಮನೆಗೆ ಕಳಿಸುವಾಗ ಡಾಕ್ಟರು, ಇನ್ನೊಮ್ಮಿ ಎಣ್ಣಿ ಹೊಡದ್ರ ಪೂರಾ ಒಣಗೋತನಕ ಅತ್ತ ಬಿಡಬ್ಯಾಡ್ರಿ ಎಂದರು. ರತ್ನಮಾಲಾಗೆ ಅಷ್ಟು ಸಾಲಲಿಲ್ಲ. ನೇರ ದಿಗಂಬರನ ಮನೆಗೆ ಹೋದಳು.

“ಹುಲ್ಲ ಬೆಳದ್ರ ಹಾವು ಬರ್ತಾವ ವೈನಿ. ಹೊಡೀಲಾರದ ಹ್ಯಾಂಗ?”

“ಹಾವಿನ ಅಂಜಿಕಿ ನನಗೂ ಅದ. ಹುಲ್ಲ ನಾ ಕೀಳ್ತೀನಿ, ನೀವು ಎಣ್ಣಿ ಹೊಡಿಬ್ಯಾಡ್ರಿ.”

ಮರುದಿನದಿಂದಲೇ ಖುರ್ಪಿ ಹಿಡಿದು ಸಂದಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ದಿಗಂಬರನ ಹೆಂಡತಿ ಪೂನಂ ಕುಡುಗೋಲು ತಂದು ಪಕ್ಕದಲ್ಲಿ ಕೂತಳು. ದಿಗಂಬರ ಅವತ್ತು ಹೊರಗೆ ಬರಲಿಲ್ಲ. ಮುಂದಿನ ಮಳೆಗೆ ಹುಲ್ಲು ಮತ್ತೆ ಚಿಗುರಿದಾಗ ಅವನೇ ಬಂದು ಬಾಗಿಲು ಬಡಿದ. “ವೈನಿ, ಇವತ್ತ ಕೀಳೋಣೇನ್ರಿ?”