ರಾಹೇಲವ್ವ ಕೊಡದ ಸಮಾಧಾನ

ನಮ್ಮ ಅತ್ತೆ ರಾಹೇಲವ್ವನನ್ನು ಯಾರಾದರೂ "ಪಾಪ, ದೇವರಂಥ ಹೆಂಗಸು" ಅಂದರೆ ನನಗೆ ನಗು ತಡೆಯಲಾಗುವುದಿಲ್ಲ. ದೇವರಂಥವಳಂತೆ! ಹನ್ನೊಂದು ವರ್ಷ, ಪ್ರತಿ ತಿಂಗಳ ಮೊದಲ ಭಾನುವಾರ, ಚರ್ಚಿನೊಳಗೇ ಕೂತು, ದೇವರ ಕಣ್ಣೆದುರಿಗೇ ಒಬ್ಬರ ಮೇಲೆ ಸೇಡು ತೀರಿಸಿಕೊಂಡವಳು ಆಕೆ. ಅದಕ್ಕೆ ನಾನೇ ಸಾಕ್ಷಿ. ಸಾಕ್ಷಿ ಏನು ಬಂತು, ಪಾಲುದಾರಳೂ ಹೌದು.

ನಾನು ಶೈಲಶ್ರೀ, ಕಮತಗಿಯಿಂದ ಈ ಮನೆಗೆ ಸೊಸೆಯಾಗಿ ಬಂದವಳು. ಇಳಕಲ್ಲಿನ ನಮ್ಮ ಓಣಿಯಲ್ಲಿ ಹಿಂದೂ ನೇಕಾರರು, ಮುಸಲ್ಮಾನರು, ಅವರ ನಡುವೆ ನಾವು ಇಪ್ಪತ್ತೆಂಟು ಕ್ರೈಸ್ತ ಮನೆಯವರು. ಓಣಿಯ ತುದಿಗೆ ನಮ್ಮ ಚರ್ಚು. ಕೆಂಪು ಕಲ್ಲಿನ ಗೋಡೆ, ತಗಡಿನ ಮಾಡು. ಒಳಗೆ ಬೆಂಚಿಲ್ಲ, ಜಮಖಾನ ಹಾಸಿ ಕೂರುತ್ತೇವೆ. ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದಕ್ಕೆ ಮುಂಚೆ ನಮ್ಮಲ್ಲಿ ಸಮಾಧಾನ ಕೊಡುವ ಪದ್ಧತಿ ಇದೆ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಕೆಳಗಿಳಿದು ಬಂದು ಪ್ರತಿ ಸಾಲಿನ ಮೊದಲನೆಯವರ ಎರಡೂ ಕೈ ಹಿಡಿದು "ಕರ್ತನ ಸಮಾಧಾನ" ಅನ್ನುತ್ತಾರೆ. ಅವರು ಪಕ್ಕದವರ ಕೈ ಹಿಡಿಯಬೇಕು, ಆ ಪಕ್ಕದವರು ಇನ್ನೊಬ್ಬರದು. ಹೀಗೆ ಕೈಯಿಂದ ಕೈಗೆ ಸಾಗಿ ಗೋಡೆ ಮುಟ್ಟಬೇಕು. ಯಾರ ಮೇಲೆ ಏನೇ ಮುನಿಸಿದ್ದರೂ ಅದನ್ನು ಅಲ್ಲೇ ಬಿಟ್ಟು ಭೋಜನಕ್ಕೆ ಏಳಬೇಕು ಎಂದು ಅದರ ಅರ್ಥ.

ಮೂರನೇ ಸಾಲಿನ ಕೊನೆಗೆ, ಗೋಡೆಗೆ ಒತ್ತಿ ಒಂದು ಪ್ಲಾಸ್ಟಿಕ್ ಕುರ್ಚಿ. ಅದು ಬಾಳಮ್ಮ ಟೀಚರದು, ಮೊಣಕಾಲು ನೋವು. ರಿಟೈರಾದ ಮಾಸ್ತರಿಣಿ, ಸಭೆಯ ಹಿರಿಯರು, ಚರ್ಚಿನ ಇತಿಹಾಸ ಬರೆದವರು. ಅವರ ಪಕ್ಕ ನಮ್ಮ ಅತ್ತೆ, ಅತ್ತೆಯ ಪಕ್ಕ ನಾನು. ನಾನು ಅತ್ತೆಯ ಕೈ ಹಿಡಿದು ಸಮಾಧಾನ ಕೊಡುತ್ತೇನೆ. ಅತ್ತೆ ಭಕ್ತಿಯಿಂದ ತಲೆ ಬಗ್ಗಿಸಿ ತೆಗೆದುಕೊಳ್ಳುತ್ತಾಳೆ. ಆಮೇಲೆ ಎರಡೂ ಕೈ ಸೆರಗಿನೊಳಗೆ ಹೋಗುತ್ತವೆ. ಅಷ್ಟೇ, ಅಲ್ಲಿಗೆ ಮುಗಿಯಿತು. ಕುರ್ಚಿಯವರೆಗೆ ಅದು ಹೋಗುವುದಿಲ್ಲ. ಟೀಚರು ಮುಂದಿನ ಗೋಡೆ ನೋಡುತ್ತ ಕೂತಿರುತ್ತಾರೆ.

ಆ ಜಾಗ ತಪ್ಪಬಾರದೆಂದು ಅತ್ತೆ ಅರ್ಧ ತಾಸು ಮೊದಲೇ ಹೋಗಿ ಕೂರುತ್ತಿದ್ದಳು. ಒಮ್ಮೆ ಟೈಫಾಯ್ಡ್ ಬಂದು ನಿಲ್ಲಲೂ ತ್ರಾಣವಿಲ್ಲ, ಆದರೂ ನನ್ನ ಹೆಗಲು ಹಿಡಿದು ನಡೆದಳು. "ನಾ ಸತ್ರ ಆ ಜಾಗಾದಾಗ ನೀ ಕೂಡಬೇಕು, ನೆನಪಿಟ್ಕೋ," ಅಂದಳು. ಕ್ರಿಸ್ಮಸ್ಸಿಗೆ ಟೀಚರ ಮನೆಗೆ ಕರ್ಚಿಕಾಯಿಯ ತಾಟು ತಪ್ಪದೆ ಹೋಗುತ್ತಿತ್ತು. ಆ ತಾಟಿನ ಕರ್ಚಿಕಾಯಿಗೆ ಮಾತ್ರ ಹೂರಣ ಅರ್ಧ ತುಂಬುತ್ತಿದ್ದಳು. ಹೊಸದಾಗಿ ಬಂದ ಚೇತನಕುಮಾರ ಅಯ್ಯನವರು, ಪಾಪ ಬಾದಾಮಿ ಕಡೆಯ ಸಣ್ಣ ವಯಸ್ಸಿನವರು, "ನಿಮ್ಮಿಬ್ಬರ ಗೆಳೆತನ ನೋಡಿ ಭಾಳ ಸಂತೋಷ ಆತ್ರಿ ಅವ್ವಾರ," ಅಂದರು. ನಮ್ಮ ಅತ್ತೆ ಕಣ್ಣು ಪಿಳುಕಿಸದೆ, "ಹೌದ್ರಿ, ಒಬ್ಬರನ್ನೊಬ್ಬರು ಬಿಟ್ಟಿರಾಕ ಆಗಂಗಿಲ್ರಿ," ಅಂದಳು. ನಾನು ಕೆಮ್ಮು ಬಂದವಳಂತೆ ಹೊರಗೆ ಓಡಿದೆ.

ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ಸಾಲು.

ಸಭೆಗೆ ನೂರು ವರ್ಷ ತುಂಬಿದಾಗ ಇತಿಹಾಸದ ಪುಸ್ತಕ ಮಾಡಿಸಬೇಕೆಂದಾಯಿತು. ಬರೆಯುವವರು ಬಾಳಮ್ಮ ಟೀಚರು. ಆಗ ಅತ್ತೆಯ ಸಂಭ್ರಮ ನೋಡಬೇಕಿತ್ತು! ಒಂದು ತಿಂಗಳು ದಿನಾ ಸಂಜೆ ಮಗ್ಗ ನಿಲ್ಲಿಸಿ, ಟೀಚರ ಮನೆಗೆ ಹೋಗಿ ತನ್ನ ಆಯಿ ಕಾಳವ್ವನ ಕಥೆ ಹೇಳಿ ಬಂದಳು. ಕಾಳವ್ವ ಅಂದರೆ ಅತ್ತೆಯ ತಾಯಿಯ ತಾಯಿ. ಸಣ್ಣ ವಯಸ್ಸಿನಲ್ಲೇ ಗಂಡ ಸತ್ತು, ಒಬ್ಬಳೇ ಸೀರೆ ನೇಯ್ದು ಹೊಟ್ಟೆ ಹೊರೆಯುತ್ತಿದ್ದವಳು. ಸಂತೆಯಲ್ಲಿ ಉಪದೇಶಿಯೊಬ್ಬ ಓದಿದ ಯೇಸುವಿನ ಮಾತು ಕಿವಿಗೆ ಬಿದ್ದು, "ನನಗ ಇವನ ಬೇಕು," ಎಂದು ಹಟ ಹಿಡಿದಳು. ಒಂದು ಬೆಳಿಗ್ಗೆ ನೀರು ತಂದು ಬರುವಷ್ಟರಲ್ಲಿ ಮಗ್ಗದ ಮೇಲಿದ್ದ ಹಾಸನ್ನು ಯಾರೋ ಕುಡಗೋಲಿನಿಂದ ಅಡ್ಡಡ್ಡ ಕೊಯ್ದು ಹೋಗಿದ್ದರು. ಹಾಸು ಅಂದರೆ ಸೀರೆಯ ಉದ್ದನೆಯ ಎಳೆಗಳು. ಅದನ್ನು ಕೊಯ್ದರೆ ನೇಯುವವರ ಬಾಯಿಯ ಅನ್ನ ಕಿತ್ತಂತೆಯೇ. ಕಾಳವ್ವ ಊರು ಬಿಡಲಿಲ್ಲ. ಓಣಿಯ ತುದಿಗೆ ಬಂದು, ಕೈಯಾರೆ ಕುಣಿ ತೋಡಿ, ಮತ್ತೆ ಮಗ್ಗ ಹೂಡಿದಳು. ಮೊದಲ ಏಳು ವರ್ಷ ಪ್ರಾರ್ಥನೆ ನಡೆದದ್ದು ಆ ಮಗ್ಗದ ಸುತ್ತ. ಉಪದೇಶಿ ಓದುತ್ತಿದ್ದ, ಕಾಳವ್ವ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಲೇ ಕೇಳುತ್ತಿದ್ದಳು. ಆಮೇಲೆ ಚರ್ಚು ಕಟ್ಟಲು ಅದೇ ಜಾಗ ಬಿಟ್ಟುಕೊಟ್ಟಳು. ಹಾಸು ಕೊಯ್ದವರು ಯಾರೆಂದು ಮಾತ್ರ ಸಾಯುವವರೆಗೂ ಹೊಟ್ಟೆಯ ಮಗಳಿಗೂ ಹೇಳಲಿಲ್ಲ.

ಪುಸ್ತಕ ಬಂತು. ಅತ್ತೆ ಬೆರಳಿಟ್ಟು ನಿಧಾನ ಓದುವವಳು. ಮೊದಲ ಪುಟದಲ್ಲೇ, ಮೊದಲ ಪ್ರಾರ್ಥನೆಗಳು ನಡೆದದ್ದು ಗುರುಪಾದಪ್ಪನವರ ಮನೆಯಲ್ಲಿ ಎಂದಿತ್ತು. ಗುರುಪಾದಪ್ಪ ಅಂದರೆ ಟೀಚರ ಅಜ್ಜ. ಚರ್ಚಿನ ಬಾಗಿಲ ಪಕ್ಕದ ಹಾಲುಗಲ್ಲಿನ ಮೇಲೂ ಅವರದೇ ಹೆಸರು ಕೆತ್ತಿಸಿದ್ದರು. ಅತ್ತೆಯ ಬೆರಳು ಪುಟಪುಟ ಹುಡುಕಿತು. ಕೊನೆಯ ಪುಟದಲ್ಲಿ ಸಿಕ್ಕಿತು: "ಕಾಳವ್ವ ಎಂಬ ಹೆಂಗಸು ಕಸ ಗುಡಿಸುವ ಸೇವೆ ಮಾಡುತ್ತಿದ್ದಳು."

ಅತ್ತೆ ಕೂಗಾಡಲಿಲ್ಲ. ಪುಸ್ತಕ ಮುಚ್ಚಿಟ್ಟಳು. "ಟೀಚರ್ ನಮ್ಮ ಆಯಿ ಕೈಯಾಗ ಕಸಬರಿಗಿ ಕೊಟ್ಲು ನೋಡ. ಅಕಿಗೆ ಸಮಾಧಾನ ಸಿಗಂಗಿಲ್ಲ. ನಾ ಸಿಗಗೊಡಂಗಿಲ್ಲ," ಅಂದಳು. ಮುಂದಿನ ಭಾನುವಾರ ಹೋಗಿ ಕುರ್ಚಿಯ ಪಕ್ಕ ಜಾಗ ಹಿಡಿದಳು.

ನನಗೆ ತಪ್ಪು ಅನಿಸಲಿಲ್ಲವೇ ಅಂದರೆ, ಅನಿಸಿತು. ಒಮ್ಮೆ ಕೇಳಿಯೂ ಕೇಳಿದೆ. "ಅತ್ತೀ, ಹಿಂಗ ಮಾಡಿ ಹಂಗ ಭೋಜನಕ್ಕ ಏಳ್ತೀರಲ್ಲ, ದೇವ್ರು ನೋಡಂಗಿಲ್ಲೇನ್ರಿ?"

"ನೋಡ್ಲಿ. ಅಂವ ಆ ಪುಸ್ತಕಾನೂ ನೋಡ್ಯಾನ."



ಈ ವರ್ಷ ಚರ್ಚಿನ ನೆಲ ಕುಸಿಯತೊಡಗಿತು. ಟೈಲ್ಸ್ ಹಾಕಿಸಲು ಗೌಂಡಿ ಖಾದರಬಾಷಾನನ್ನು ಕರೆಸಿದರು. ಮಂಗಳವಾರ ಪ್ರಸಂಗಪೀಠ ಸರಿಸಿ ಕೆಳಗಿನ ಬಂಡೆ ಎಬ್ಬಿಸಿದರೆ, ಹಾರೆ ಮೊಳಕಾಲುದ್ದ ಒಳಗಿಳಿಯಿತು. ಮಣ್ಣು ತೆಗೆದಂತೆಲ್ಲ ಚೌಕನೆಯ ತಗ್ಗು ಕಂಡಿತು. ಸುದ್ದಿ ಕೇಳಿ ಎಲ್ಲರೂ ಬಂದೆವು. ಬಾಳಮ್ಮ ಟೀಚರು ಕೋಲೂರಿ ಬಗ್ಗಿ ನೋಡಿ, "ಜ್ವಾಳಾ ತುಂಬಿಡೋ ಹಗೇವು ಇರಬೇಕು," ಅಂದರು.

ಖಾದರಬಾಷಾ ನಕ್ಕ. "ಹಗೇವು ಎಲ್ಲೀದ್ರಿ ಟೀಚರ್? ಹಗೇವಿನ ಬಾಯಿ ಸಣ್ಣದು, ಹೊಟ್ಟಿ ದುಂಡಗ ಇರ್ತೈತಿ. ಇದು ಮಗ್ಗದ ಕುಣಿ. ನಮ್ಮವ್ವ ಇಂಥಾದ್ರಾಗ ಕಾಲಿಟ್ಟು ಕುಂತು ಮುದುಕಿ ಆದ್ಲು. ಇಲ್ಲಿ ನೋಡ್ರಿ, ಕೂಡೋ ಕಲ್ಲು ಹೆಂಗ ಸವದು ನುಣ್ಣಗಾಗೈತಿ."

ಅತ್ತೆಯ ಮುಖ ನೋಡಿದೆ. ಅಷ್ಟು ಖುಷಿಯನ್ನು ನಾನು ಆ ಮುಖದಲ್ಲಿ ಮೊಮ್ಮಕ್ಕಳು ಹುಟ್ಟಿದಾಗಲೂ ಕಂಡಿರಲಿಲ್ಲ. ಎಪ್ಪತ್ತೊಂದು ವರ್ಷದ ಹೆಂಗಸು ಸೀರೆ ಎತ್ತಿಕಟ್ಟಿ, ಆ ಸವೆದ ಕಲ್ಲಿನ ಮೇಲೆ ಕೂತು, ಕುಣಿಯಲ್ಲಿ ಕಾಲಿಳಿಬಿಟ್ಟಳು. ಕೂತವಳು ಜಪ್ಪಯ್ಯ ಅಂದರೂ ಏಳಲಿಲ್ಲ.

ಬುಧವಾರ, ಗುರುವಾರ, ಶುಕ್ರವಾರ ಇದೇ ಆಟ. ಮುಂಜಾನೆ ಹೋಗಿ ಕೂತರೆ ದೀಪ ಹಚ್ಚುವ ಹೊತ್ತಿಗೇ ಮನೆಗೆ. ರೊಟ್ಟಿ, ಪುಂಡಿಪಲ್ಯ ಅಲ್ಲಿಗೇ ಒಯ್ದು ಕೊಡುತ್ತಿದ್ದೆ. ಕೈಯಲ್ಲಿ ಆ ಪುಸ್ತಕ. ಬಂದವರಿಗೆಲ್ಲ ಕೊನೆಯ ಪುಟ ತೆಗೆದು ತೋರಿಸಿ, "ಕಸಾ ಗುಡಿಸಾಕಿ ಮಗ್ಗಾ ಯಾಕ ಹೂಡ್ಯಾಳಂತ ಟೀಚರನ್ನ ಕೇಳ್ರಿ," ಅನ್ನುವುದು. ಅಯ್ಯನವರು ಕೈಮುಗಿದು ನಿಂತರು. "ಅವ್ವಾರ, ಮ್ಯಾಲೆ ಬರ್ರಿ, ಟೈಲ್ಸ್ ಕೂಡಿಸಬೇಕ್ರಿ."

"ಕೂಡಸ್ರಿ, ನನ್ನ ಮ್ಯಾಲೇ ಕೂಡಸ್ರಿ."

ಶನಿವಾರ ಬೆಳಿಗ್ಗೆ ಬಾಳಮ್ಮ ಟೀಚರು ಒಬ್ಬರೇ ಬಂದರು. ಒಳಗೆ ಅತ್ತೆ ಮತ್ತು ನಾನು ಮಾತ್ರ. ಟೀಚರು ಕುಣಿಯ ಅಂಚಿಗೆ ಕೋಲೂರಿ ನಿಂತು ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡರು.

"ರಾಹೇಲವ್ವ, ಸೋಮವಾರ ಬಾಗಲಕೋಟಿ ದವಾಖಾನಿಯೊಳಗ ನನಗ ಎದಿ ಆಪರೇಶನ್ ಐತಿ. ನಾಳೆ ಒಂದ ಸಲ ಕೈ ಕೊಡ್ತಿಯೇನ?"

ಹನ್ನೊಂದು ವರ್ಷದಲ್ಲಿ ಆ ಮಾತು ಟೀಚರ ಬಾಯಿಗೆ ಬಂದದ್ದು ಅದೇ ಮೊದಲು. ಹಾಗಾದರೆ ಪ್ರತಿ ತಿಂಗಳೂ ಅವರು ಕಾದಿದ್ದರು! ಅತ್ತೆ ಮಾತ್ರ ಕರಗಲಿಲ್ಲ.

"ಈಗ ಹೆದರಿಕಿ ಬಂತೇನ್ರಿ? ನಾಳೆ ಎಲ್ಲಾರ ಮುಂದ ನಿಂತು, ಪುಸ್ತಕದಾಗ ಬರದದ್ದು ಸುಳ್ಳು ಅನ್ರಿ. ಖರೆ ಏನೈತಿ, ಎಲ್ಲಾ ಹೇಳ್ರಿ. ಆಮ್ಯಾಲೆ ನೋಡೋಣು."

"ಎಲ್ಲಾ ಹೇಳ್ಲೇನು?"

"ಎಲ್ಲಾ. ಒಂದೂ ಬಿಡಬ್ಯಾಡ್ರಿ."

ಟೀಚರು ಅತ್ತೆಯನ್ನೇ ನೋಡಿದರು. ಬೇಡ ಅಂದಾಳೇನೋ ಎಂದು ಕಾಯುವವರ ಹಾಗೆ. ಕೊನೆಗೆ "ಆತು" ಎಂದು ಹೊರಟರು. ಅವತ್ತು ಅತ್ತೆ ನನ್ನ ಕೈಲಿ ಹೆಸರುಬೇಳೆ ಪಾಯಸ ಮಾಡಿಸಿ ಎರಡು ಬಟ್ಟಲು ಕುಡಿದಳು.

ಭಾನುವಾರ ಕುಣಿ ತೆರೆದೇ ಇತ್ತು. ಅತ್ತೆ ತಾನೇ ನೇಯ್ದ ಟೋಪ್ ತೆನಿ ಸೆರಗಿನ ಸೀರೆ ಉಟ್ಟು ಮದುಮಗಳ ತಾಯಿಯಂತೆ ಕೂತಿದ್ದಳು. ಪ್ರಸಂಗ ಮುಗಿದ ಮೇಲೆ ಟೀಚರು ಎದ್ದು ಮುಂದೆ ಹೋಗಿ, ಕುಣಿಯ ಪಕ್ಕ ನಿಂತರು.

"ನಾ ಬರದ ಇತಿಹಾಸ ಸುಳ್ಳೈತಿ. ಮೊದಲ ಪ್ರಾರ್ಥನಾ ನಡದದ್ದು ಇಲ್ಲಿ, ಕಾಳವ್ವನ ಮಗ್ಗದ ಮುಂದ. ನಮ್ಮ ಅಜ್ಜನ ಮನ್ಯಾಗ ಅಲ್ಲ."

ಅತ್ತೆ ನನ್ನ ತೊಡೆ ಗಟ್ಟಿಯಾಗಿ ಚಿವುಟಿದಳು, ಖುಷಿಗೆ. ಟೀಚರು ನಿಲ್ಲಿಸಲಿಲ್ಲ.

"ಕಾಳವ್ವನ ಹಾಸು ಕೊಯ್ದಾಂವ ನಮ್ಮ ಅಜ್ಜ, ಗುರುಪಾದಪ್ಪ. ಹತ್ತು ವರ್ಷದ ಮ್ಯಾಲೆ ಅಂವಾ ತಾನೂ ಯೇಸುವಿನ ಹಿಂದ ಬಂದ. ದೀಕ್ಷಾಸ್ನಾನ ಆದಾಂವನ ಕೈಯನ್ನ ಸಭಿಯೊಳಗ ಒಬ್ಬರು ಹಿಡಿಯೋ ಪದ್ಧತಿ ಆವಾಗಿತ್ತು. ಮೊದಲು ಸಭಿಗೆ ವಿರೋಧ ಮಾಡಿದಾಂವ ಅಂತ ಅಜ್ಜನ ಕೈ ಹಿಡಿಯಾಕ ಯಾರೂ ಏಳಲಿಲ್ಲ. ಕಾಳವ್ವ ಎದ್ದು ಹೋಗಿ ಹಿಡದ್ಲು. ಆವಾಗ ಅಜ್ಜ ಒಂದ ಮಾತು ಬೇಡಿಕೊಂಡ, ಕೊಯ್ದಾಂವ ನಾನಂತ ನನ್ನ ಮಕ್ಕಳಿಗೆ ಗೊತ್ತಾಗಬಾರದು ಅಂತ. ಹೇಳಂಗಿಲ್ಲ ಅಂತ ಅಕಿ ಮಾತು ಕೊಟ್ಲು, ಸಾಯೋತನಕಾ ನಡಿಸಿದ್ಲು. ಪಕ್ಕದಾಗ ನಿಂತಿದ್ದ ನಮ್ಮಪ್ಪ, ಆವಾಗ ಎಂಟು ವರ್ಷದಾಂವ, ಕೇಳಿಸಿಕೊಂಡಿದ್ದ. ಸಾಯೋ ಮುಂದ ನನಗ ಹೇಳ್ದ. ಮಗ್ಗಾ ಅಂತ ಬರದ್ರ, ಕೊಯ್ದಾಂವ ಯಾರು ಅಂತ ಜನಾ ಕೇಳ್ತಾರ. ಅದಕ್ಕ ಮಗ್ಗಾ ಕಸಗೊಂಡು ಅಕಿ ಕೈಯಾಗ ಕಸಬರಿಗಿ ಕೊಟ್ಟೆ. ಇಷ್ಟ ಐತಿ ಖರೆ."

ಹಿಂದಿನ ಸಾಲಿನಲ್ಲಿ ಕೂತಿದ್ದ ಟೀಚರ ಮಗಳು ಮಹಾನಂದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಟೀಚರು ಬಂದು ತಮ್ಮ ಕುರ್ಚಿಯಲ್ಲಿ ಕೂತರು.

ಅತ್ತೆಯನ್ನು ನೋಡಿದರೆ ಮುಖದಲ್ಲಿ ರಕ್ತವೇ ಇಲ್ಲ. ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತ್ತಲ್ಲ, ಕುಣಿಯಬೇಕಿತ್ತು. "ಆಯಿ ಮಾತು ಕೊಟ್ಟಿದ್ಲಂತ, ಶೈಲಾ," ಎಂದು ಪಿಸುಗುಟ್ಟಿದಳು. "ಅಷ್ಟು ವರ್ಷ ಕಾಯ್ದ ಮಾತನ್ನ ನಾ ಹರಿಸಿಬಿಟ್ನಲ್ಲೇ." ನನಗೆ ಸಿಟ್ಟು ಬಂತು, ಅಳುವೂ ಬಂತು. ಎಲ್ಲಾ ಹೇಳ್ರಿ ಅಂತ ನಿನ್ನೆ ಹಲ್ಲು ಕಡಿದವಳು ಇವಳೇ ತಾನೇ!

ಅಯ್ಯನವರು ಕೆಳಗಿಳಿದರು. ಸಮಾಧಾನ ಕೈಯಿಂದ ಕೈಗೆ ಬಂದು ನನಗೆ ಮುಟ್ಟಿತು. ನಾನು ಅತ್ತೆಯ ಕೈ ಹಿಡಿದೆ, ತಣ್ಣಗಿದ್ದವು. "ಕರ್ತನ ಸಮಾಧಾನ, ಅತ್ತೀ." ಆಕೆ ತೆಗೆದುಕೊಂಡಳು. ಕೈ ಸೆರಗಿನ ಕಡೆ ಹೋದವು, ರೂಢಿ ಬಿದ್ದ ಕೈಗಳು. ಅರ್ಧಕ್ಕೇ ನಿಂತವು. ಇಡೀ ಸಭೆ ತಿರುಗಿ ನೋಡುತ್ತಿತ್ತು. ಟೀಚರು ಎರಡೂ ಕೈ ಮಡಿಲಿನಿಂದ ಎತ್ತಿ ಚಾಚಿದರು.

ಅತ್ತೆ ಕುರ್ಚಿಯ ಕಡೆ ತಿರುಗಿದಳು. ಟೀಚರ ಕೈ ಹಿಡಿದಳು, ಹುಣಸೆಹಣ್ಣು ತಿಂದವಳಂತೆ ಮುಖ ಮಾಡಿಕೊಂಡು.

"ಇದು ನಂದಲ್ರಿ ಟೀಚರ್, ನಮ್ಮ ಆಯೀದು. ತಗೋರಿ. ನಂದು ಇನ್ನೂ ಕೊಟ್ಟಿಲ್ಲ. ದವಾಖಾನಿಯಿಂದ ಜೀವಂತ ಬರ್ರಿ, ಬರೋ ತಿಂಗಳು ನೋಡೋಣು."

ಟೀಚರು ಕೈ ಬಿಡಲಿಲ್ಲ.

"ಬರ್ತೇನಿ," ಅಂದರು. "ನನ್ನ ಪಕ್ಕದ ಜಾಗಾ ಯಾರಿಗೂ ಬಿಡಬ್ಯಾಡ."